ಒಂದು ದಿನದ ಕನ್ನಡ

ಕರಿಗುಡ್ಡದ ಹಟ್ಟಿ,
ಮೊಳಕಾಲ್ಮೂರು ತಾಲ್ಲೂಕು
೧೪-೭-೨೦೨೫

ಚಿ. ಸೌ. ಸೌಂದರ್ಯಳಿಗೆ ನಿನ್ನ ಸೋದರಮಾವನ ಆಶೀರ್ವಾದ.

ಬೇಸಿಗೆ ರಜೆಯಲ್ಲಿ ನೀವು ಬಂದು ಹೋದ ಕೂಡಲೇ ಬರೆಯುತ್ತೇನೆ ಎಂದಿದ್ದವನು ಈಗ ಕೂತಿದ್ದೇನೆ. ಬೈಯಬೇಡ, ತಪ್ಪು ನನ್ನದಲ್ಲ, ಸರ್ಕಾರದ್ದು. ಸರ್ಕಾರ ನನ್ನನ್ನು ಬಿಡುತ್ತಿಲ್ಲ. ಹೌದು, ಇನ್ನೊಂದು ಸಲ ಓದಿಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಮಾಡಿದರೆ ನೀನು "ಆಫೀಸಲ್ಲಿದ್ದೀನಿ ಮಾವ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಆಮೇಲೆ ಎನ್ನುವುದು ಚಳ್ಳಕೆರೆಯಿಂದ ಹೊರಟು ನಮ್ಮ ಹಟ್ಟಿಗೆ ಇನ್ನೂ ಬಂದು ಮುಟ್ಟಿಲ್ಲ. ಅದಕ್ಕೇ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ.

ಸುದ್ದಿ ಏನೆಂದರೆ, ಜಿಲ್ಲೆಯ ತೆಲುಗು ಭಾಷಿಕರ ಸಲಹಾ ಸಮಿತಿಗೆ ನಿನ್ನ ಮಾವನನ್ನು ಸದಸ್ಯನನ್ನಾಗಿ ಮಾಡಿದ್ದಾರೆ. ಗಡಿಯಂಚಿನ ಊರುಗಳಲ್ಲಿ ಮನೆಯೊಳಗೆ ತೆಲುಗು ಮಾತನಾಡುವ ನಮ್ಮಂಥವರಿಗೆ ಏನು ಬೇಕು, ಏನು ಬೇಡ ಎಂದು ಸರ್ಕಾರಕ್ಕೆ ಬುದ್ಧಿ ಹೇಳುವ ಸಮಿತಿ ಇದು. ಸರ್ಕಾರಕ್ಕೆ ಬುದ್ಧಿ! ಏಳನೇ ಕ್ಲಾಸನ್ನು ಎರಡು ಸಲ ಓದಿದವನು ನಾನು, ಹಾಗಾಗಿ ಬೇರೆಯವರಿಗಿಂತ ಎರಡರಷ್ಟು ಗಟ್ಟಿ ಎಂದು ನಿನಗೆ ಎಷ್ಟೋ ಸಲ ಹೇಳಿದ್ದೆ, ನೀನು ನಗುತ್ತಿದ್ದೆ. ಈಗ ತಾಲ್ಲೂಕು ಕಚೇರಿಗೆ ಹೋದರೆ ನನಗೆ ಕುರ್ಚಿ ಹಾಕುತ್ತಾರೆ. ಆ ಕುರ್ಚಿಯ ಒಂದು ಕಾಲು ಮಾತ್ರ ಗಿಡ್ಡ. ಎಲ್ಲರ ಕುರ್ಚಿ ನೆಟ್ಟಗಿದ್ದು ನನ್ನದೊಂದೇ ಅಲ್ಲಾಡುವುದು ಯಾಕೆ? ನೀನೇ ಯೋಚನೆ ಮಾಡು.

ನನ್ನ ಹೆಸರನ್ನು ಯಾರು ಕೊಟ್ಟರು ಎಂಬುದು ಗೊತ್ತಾಗಿಲ್ಲ. ನನ್ನ ಕೀರ್ತಿ ಕೇಳಿ ಅವರಾಗೇ ಕರೆದರು ಎಂದು ಹಟ್ಟಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ, ನನಗೆ ಅನುಮಾನ. ಒಬ್ಬ ಹಳ್ಳಿಯವನನ್ನು ನಡುವೆ ಕೂರಿಸಿಕೊಂಡು, ಅವನ ಸಹಿ ಹಾಕಿಸಿಕೊಂಡು, ತಮಗೆ ಬೇಕಾದ್ದನ್ನು ಮಾಡಿಕೊಳ್ಳುವ ಹುನ್ನಾರ ಇರಬಹುದು.

ಸಮಿತಿಯ ಅಧ್ಯಕ್ಷರು ಮುರುಗೇಂದ್ರಪ್ಪ. ನಿಮ್ಮ ಚಳ್ಳಕೆರೆಯವರೇ, ಎಣ್ಣೆ ಮಿಲ್ಲಿನವರು. ಶೇಂಗಾ ಕೊಳ್ಳಲು ಹರೆಯದಿಂದಲೂ ರಾಯದುರ್ಗ, ಕಲ್ಯಾಣದುರ್ಗ ಸುತ್ತಿ ತೆಲುಗು ಕಲಿತವರು. ಮನೆಯಲ್ಲಿ ಲಿಂಗಪೂಜೆ, ಅಪ್ಪಟ ಕನ್ನಡ. ಅಂಥವರಿಗೆ ತೆಲುಗಿನವರ ಉಸಾಬರಿ ಯಾಕೆ ಬೇಕಿತ್ತು? ಇನ್ನೊಬ್ಬರು ಬಾಲರಾಜು, ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ. ಮಗ್ಗದ ಮನೆಯವರು, ಮನೆಮಾತು ತೆಲುಗೇ. ಆದರೆ ಕಂಕುಳಲ್ಲಿ ತೆಲುಗು ಪೇಪರು ಇಲ್ಲದೆ ಮನುಷ್ಯ ಬಾಯಿ ತೆರೆಯುವುದಿಲ್ಲ. ಮೊದಲ ಸಭೆಯಲ್ಲಿ ನಾನು ನಮ್ಮ ಮಾತಿನಲ್ಲಿ ಏನೋ ಹೇಳಿದ್ದಕ್ಕೆ ಮುಖ ಹಿಂಡಿದರು.

"ಪಾಲಯ್ಯನವರೇ, ಇದು ತೆಲುಗೇನ್ರೀ? ಅರ್ಧ ಕನ್ನಡ, ಇನ್ನರ್ಧ ದನ ಹೊಡೆಯೋ ಕೂಗು."

"ದನ ಹೊಡೆಯಾಕೆ ಬಂದ್ರೆ ಸಾಕು ಬಿಡ್ರಿ, ಅದರಲ್ಲೇ ಸಮಿತಿನೂ ಹೊಡ್ಕಂಡು ಹೋಗ್ತೀನಿ" ಎಂದೆ. ಎಲ್ಲರೂ ನಕ್ಕರು, ಬಾಲರಾಜು ಒಬ್ಬರನ್ನು ಬಿಟ್ಟು. ಎಲ್ಲರೂ ನಗುವಾಗ ನಗದವನ ಮೇಲೆ ಒಂದು ಕಣ್ಣಿಟ್ಟಿರಬೇಕು.

ಸಮಿತಿಯ ಮುಂದೆ ಬಂದಿರುವ ಮೊದಲ ವಿಷಯವೇ ನಮ್ಮ ಹಟ್ಟಿಯದು. ನಮ್ಮ ಶಾಲೆಯಲ್ಲಿ ಅಂಜನ್ ಮೇಷ್ಟ್ರು ನಡೆಸುವ ತೆಲುಗು ತರಗತಿ ಇದೆಯಲ್ಲ, ಅದನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ನಾವು ಹೇಳಬೇಕು. ಹಟ್ಟಿಯಲ್ಲಿ ತೆಲುಗಿನ ಮನೆಗಳಿದ್ದರೆ ತರಗತಿ ಉಂಟು, ಇಲ್ಲದಿದ್ದರೆ ಇಲ್ಲ. ನಿನಗೆ ಗೊತ್ತಿರಲಿಕ್ಕಿಲ್ಲ, ಶನಿವಾರ ಬೆಳಗಿನ ಶಾಲೆಗೆ ಮೇಷ್ಟ್ರು ಅವ್ವನನ್ನು ಕರೆಸುತ್ತಾರೆ. ಕಟ್ಟೆಯ ಮೇಲೆ ಕೂರಿಸಿ ಮಕ್ಕಳನ್ನು ಸುತ್ತ ಕೂರಿಸುತ್ತಾರೆ. ಅವ್ವ ದೇವರ ದನಗಳ ಕಥೆ, ಅವನ್ನು ಕಾಯುತ್ತಾ ಗುಡ್ಡದಲ್ಲಿ ದಾರಿ ತಪ್ಪಿದ ಕಿಲಾರಿಯ ಕಥೆ, ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳುತ್ತಾಳೆ. ಸೂರಮ್ಮ ಎಂಬ ತನ್ನ ಹೆಸರಿನ ಮುಂದೆ ಈಗ ಮಕ್ಕಳು ಟೀಚರ್ ಸೇರಿಸಿದ್ದಾರೆ ಎಂದು ಅವಳಿಗೆ ಒಳಗೊಳಗೇ ಜಂಬ. ಶುಕ್ರವಾರವೇ ತಲೆಗೆ ಎಣ್ಣೆ ಹಚ್ಚಿಕೊಂಡು ಸೀರೆ ತೆಗೆದಿಡುತ್ತಾಳೆ. ತರಗತಿ ಮುಚ್ಚಿದರೆ ಮೇಷ್ಟ್ರಿಗೆ ಬೇರೆ ಊರು ಸಿಗುತ್ತದೆ. ಅವ್ವನಿಗೆ ಬೇರೆ ಶನಿವಾರ ಸಿಗುವುದಿಲ್ಲ.

ಆದರೆ ನೀನು ಚಿಂತೆ ಮಾಡಬೇಡ, ನಾನಿದ್ದೇನೆ. ಹೋದ ವಾರ ಶಿಕ್ಷಣ ಇಲಾಖೆಯಿಂದ ಗಂಗಾಂಬಿಕಾ ಎಂಬ ಅಧಿಕಾರಿ ಮನೆಮನೆಗೂ ಹೋಗಿ ವಿಚಾರಿಸಲು ಬಂದಿದ್ದರು. ಅಧ್ಯಕ್ಷರೂ ಬಾಲರಾಜೂ ಜೊತೆಗಿದ್ದರು. ಆಕೆಗೆ ನಿನ್ನದೇ ವಯಸ್ಸು, ನಿನ್ನ ಹಾಗೇ ಚೂಡಿದಾರ್, ನಿನ್ನ ಹಾಗೇ ಕನ್ನಡಕ. ಶಾಲೆಯ ಮುಂದೆ ನಾನೇ ಸ್ವಾಗತ ಭಾಷಣ ಮಾಡಿದೆ. ಎಂಥ ಭಾಷಣ ಅಂತೀಯ! ತಾಯಿನುಡಿಯ ಹಿರಿಮೆ, ತೆಲುಗಿನ ಸೊಗಸು, ನಮ್ಮ ಪೂರ್ವಿಕರ ಗತ್ತು, ಎಲ್ಲವನ್ನೂ ತೊಳೆದಿಟ್ಟ ಕನ್ನಡದಲ್ಲಿ ಎತ್ತಿ ಹಿಡಿದೆ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಓದುವವರು ಇದ್ದಾರಲ್ಲ, ಅವರಿಗೂ ಅಷ್ಟು ಉಸಿರು ಇರಲಿಕ್ಕಿಲ್ಲ. ಆಕೆ "ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ ಸರ್" ಎಂದು ಹೇಳಿ ಏನೋ ಬರೆದುಕೊಂಡರು. ಸರ್ ಎಂದರು, ಸೌಂದರ್ಯ! ಬಾಲರಾಜುವಿನ ಹೊಟ್ಟೆ ಉರಿದ ವಾಸನೆ ನನಗೆ ಬಡಿಯಿತು.

ಒಂದು ವಿಷಯ ಮಾತ್ರ ಕೊರೆಯುತ್ತಿದೆ. ಹಟ್ಟಿಯವನು ಜೊತೆಗಿರಬಾರದು ಎಂದು ನನ್ನನ್ನು ಶಾಲೆಯಲ್ಲೇ ಬಿಟ್ಟು ಎಲ್ಲರೂ ಮನೆಗಳ ಕಡೆಗೆ ಹೊರಟಾಗ ಮುರುಗೇಂದ್ರಪ್ಪ ಸ್ವಲ್ಪ ಹೊತ್ತು ಹಿಂದೆ ಉಳಿದರು. ಶಾಲೆಯ ಹಿತ್ತಿಲ ಹುಣಸೆಮರದ ಸುತ್ತ ಒಂದು ಸುತ್ತು ಬಂದರು, ಅತ್ತ ನೋಡಿದರು, ಇತ್ತ ನೋಡಿದರು, ಬೇಲಿಯ ಆಚೆಗೂ ಇಣುಕಿದರು. ರಸ್ತೆ ಪಕ್ಕದ ಜಾಗ ಅದು. ಶಾಲೆ ಮುಚ್ಚಿಸಿ ಶೇಂಗಾ ಗೋದಾಮು ಕಟ್ಟುವ ಲೆಕ್ಕಾಚಾರವಲ್ಲದೆ ಇನ್ನೇನು? ನಾನು ಸುಮ್ಮನೆ ಮೀಸೆ ತಿರುವುತ್ತಾ ನೋಡುತ್ತಿದ್ದೆ. ನನ್ನ ಕಣ್ಣು ತಪ್ಪಿಸುವುದು ಅಷ್ಟು ಸುಲಭವಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ, ಲಾಸ್ಯಳಿಗೆ ಮುತ್ತು. ನಿನ್ನ ಮನೆ ತುಂಬಿರಲಿ.

ಇಂತಿ ನಿನ್ನ ಮಾವ,
ದೊಡ್ಡಪಾಲಯ್ಯ
(ಸದಸ್ಯರು, ಸಲಹಾ ಸಮಿತಿ)

ಮರೆತಿದ್ದೆ: ಲಾಸ್ಯ ಆಡಿಸಿ ಹೋದ ಕರು ಈಗ ಹಗ್ಗ ಕಿತ್ತುಕೊಂಡು ಓಡುವಷ್ಟಾಗಿದೆ. ಅವ್ವ ದಿನವಿಡೀ ಅದರ ಜೊತೆ ಮಾತನಾಡುತ್ತಾ ಕೂತಿರುತ್ತಾಳೆ.

*

ಕರಿಗುಡ್ಡದ ಹಟ್ಟಿ
೮-೮-೨೦೨೫

ಚಿ. ಸೌಂದರ್ಯಳಿಗೆ ಮಾವನ ಆಶೀರ್ವಾದ.

ನಿನ್ನ ಮೆಸೇಜು ಬಂತು. "ಕಂಗ್ರಾಟ್ಸ್ ಮಾವ" ಎಂದಿದ್ದೀಯ, ಪಕ್ಕದಲ್ಲಿ ಕೈ ಮುಗಿದ ಚಿತ್ರ. ಸಂತೋಷ. ಉತ್ತರ ಬರೆಯಲು ತಡವಾದದ್ದಕ್ಕೆ ಕಾರಣ ಇದೆ. ಕೋಪದಲ್ಲಿ ಬರೆಯಬಾರದು, ಇಳಿದ ಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಹಾಗೆ ಕಾಣಲಿಲ್ಲ. ಅದಕ್ಕೇ ಕೋಪದಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಹೋದ ವಾರ ಎರಡನೇ ಸಭೆ. ಅಲ್ಲಾಡುವ ಕುರ್ಚಿಗೆ ನಾನೇ ಮನೆಯಿಂದ ಮರದ ಚಕ್ಕೆ ತಂದು ಕಾಲಿಗೆ ಕೊಟ್ಟು ಕೂತೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ನನ್ನ ಮುಖ ನೋಡದೆ, "ಪಾಲಯ್ಯ, ನಿಮ್ಮ ಹಟ್ಟೀಲಿ ತೆಲುಗಿನ ಮನೆ ಒಂದೂ ಸಿಗ್ಲಿಲ್ಲ ಅಂತ ಮೇಡಂ ಹೇಳ್ತಾವ್ರೆ" ಎಂದರು.

ನನಗೆ ಮೊದಲು ನಗು ಬಂತು. "ಯಾವ ಹಟ್ಟಿಗೆ ಹೋಗಿದ್ರಿ ಮೇಡಂ? ನಮ್ಮ ಹಟ್ಟೀಲಿ ಕೋಳಿ ಕೂಗಿದ್ರೂ ತೆಲುಗಲ್ಲೇ ಕೂಗ್ತಾವೆ" ಎಂದೆ.

ಆಕೆ ಒಳ್ಳೆಯ ಹುಡುಗಿ, ಸುಳ್ಳು ಹೇಳುವ ಮುಖವಲ್ಲ. ಮೆತ್ತಗೆ ಹೇಳಿದರು. "ಒಂದು ಮನೆನೂ ಬಿಡದೆ ಹೋಗಿದ್ದೀನಿ ಸರ್. ಎಲ್ಲರೂ ಕನ್ನಡದಲ್ಲೇ ಮಾತಾಡಿಸಿದ್ರು. ಮನೆಯೊಳಗೆ ಏನು ಮಾತಾಡ್ತೀರಿ ಅಂತ ಬಿಡಿಸಿ ಕೇಳಿದ್ರೂ ಕನ್ನಡಾನೇ ಅಂದ್ರು. ನೀವೂ ಅಷ್ಟೇ ಅಲ್ವಾ, ಅಷ್ಟುದ್ದ ಭಾಷಣ ಕನ್ನಡದಲ್ಲೇ ಮಾಡಿದ್ರಿ."

ಆ ದಿನ ಬರೆದುಕೊಂಡದ್ದು ಅದನ್ನಂತೆ! ಮೊದಲ ಸಭೆಯಲ್ಲಿ ನಗದ ಬಾಲರಾಜು ಈ ಸಭೆಯಲ್ಲಿ ನಕ್ಕರು, ಪೇಪರು ಕೆಳಗೆ ಬೀಳುವಷ್ಟು.

ನನ್ನ ವಿಷಯ ಬೇರೆ. ದೊಡ್ಡವರು ಬಂದರೆ ಕನ್ನಡ ಮಾತನಾಡುವುದು ನಮ್ಮಲ್ಲಿ ಮರ್ಯಾದೆ. ಒಗೆದ ಪಂಚೆ ಇದ್ದ ಹಾಗೆ ಅದು, ಬಂದವರ ಮುಂದೆ ಉಟ್ಟುಕೊಳ್ಳುತ್ತೇವೆ, ಅವರು ಹೋದ ಮೇಲೆ ಮಡಚಿಡುತ್ತೇವೆ. ಆದರೆ ಮನೆಯೊಳಗೆ ಏನು ಮಾತಾಡ್ತೀರಿ ಎಂದು ನೇರವಾಗಿ ಕೇಳಿದಾಗಲೂ ಎಲ್ಲರ ಬಾಯಲ್ಲೂ ಒಂದೇ ಉತ್ತರ ಬರಬೇಕಾದರೆ? ಯಾರೋ ಮೊದಲೇ ಬಂದು ಹೇಳಿಕೊಟ್ಟಿದ್ದಾರೆ. ಇದನ್ನು ಸಭೆಯಲ್ಲೇ ಹೇಳಿದೆ, ಎದ್ದು ನಿಂತು ಹೇಳಿದೆ. "ಇಲ್ಲಿ ಕೂತಿರೋರಲ್ಲೇ ಯಾರೋ ಒಬ್ರು ನಮ್ಮ ಹಟ್ಟಿಯ ಬಾಯಿ ಕಟ್ಟವ್ರೆ" ಎಂದೆ. ಬಾಲರಾಜು ಕಡೆ ನೋಡಿದೆ. ಆಮೇಲೆ ಅಧ್ಯಕ್ಷರ ಕಡೆ ನೋಡಿ, "ಹುಣಸೆಮರದ ಹತ್ರ ಜಾಗ ಚೆನ್ನಾಗಿತ್ತಾ ಸ್ವಾಮಿ?" ಎಂದೂ ಕೇಳಿದೆ. ಆ ದೊಡ್ಡ ಮನುಷ್ಯರ ಮುಖ ಕೆಂಪಾಯಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಅವರು ಮಾತ್ರ ದನಿ ಏರಿಸಲಿಲ್ಲ. "ಆಯ್ತಪ್ಪ, ಇನ್ನೊಂದು ಸಲ ಹೋಗಿ ಬರಾಣ. ಸೆಪ್ಟೆಂಬರ್ ಆರು, ಶನಿವಾರ. ಅವತ್ತೂ ಇದೇ ಆದ್ರೆ ತರಗತಿ ಬೇಡ ಅಂತ ಬರೆದು ಕಳಿಸಬೇಕಾಗ್ತದೆ, ನಿಮ್ಮ ಸಹೀನೂ ಅದಕ್ಕೆ ಬೀಳಬೇಕಾಗ್ತದೆ" ಎಂದರು.

ಅವತ್ತಿನಿಂದ ನಾನು ಪತ್ತೇದಾರಿಕೆಗೆ ಇಳಿದಿದ್ದೇನೆ. ಮೊದಲು ಅಂಜನ್ ಮೇಷ್ಟ್ರನ್ನು ಹಿಡಿದೆ. ಹೊಸ ಸೂಟ್‌ಕೇಸ್ ತಂದಿಟ್ಟಿದ್ದಾರೆ ಎಂದು ಸುದ್ದಿ ಸಿಕ್ಕಿತ್ತು. ತರಗತಿ ಮುಚ್ಚಿಸಿ ತಮ್ಮ ಊರ ಕಡೆಗೆ ವರ್ಗ ಮಾಡಿಸಿಕೊಳ್ಳುವ ಉಪಾಯ ಎಂದುಕೊಂಡು, "ಏನ್ ಮೇಷ್ಟ್ರೇ, ಪ್ರಯಾಣ ಯಾವಾಗ?" ಎಂದು ಮೀಸೆಯಲ್ಲೇ ನಕ್ಕೆ. ತಂಗಿಯ ಮದುವೆಗೆ ಕೊಡಲು ತಂದದ್ದಂತೆ. ಅದರೊಳಗೆ ಇದ್ದ ಸೀರೆಗಳನ್ನೂ ತೆಗೆದು ತೋರಿಸಿದರು, ಪಾಪ. ಆಮೇಲೆ ನಮ್ಮ ಓಣಿಯ ಹೆಂಗಸರನ್ನು ಒಬ್ಬೊಬ್ಬರನ್ನೇ ಕೇಳಿದೆ. ಯಾರು ಹೇಳಿಕೊಟ್ಟರು ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಯಾರೂ ಇಲ್ಲಣ್ಣ" ಎನ್ನುತ್ತಾರೆ. ಯಾರೂ ಇಲ್ಲದಿದ್ದರೆ ಸೆರಗು ಬಾಯಿಗೆ ಯಾಕೆ ಹೋಗಬೇಕು? ಅವ್ವನನ್ನೂ ಕೇಳಿದೆ. "ನನಗೇನು ಗೊತ್ತು? ಬಿಸಿಲಲ್ಲಿ ಬಂದಿದ್ಲು, ಮಜ್ಜಿಗೆ ಕೊಟ್ಟೆ" ಎಂದು ಒಳಗೆ ಹೋದಳು.

ನನ್ನ ಉಪಾಯ ಹೇಳುತ್ತೇನೆ ಕೇಳು. ಆರನೇ ತಾರೀಕು ನೀನು ಬಾ. ಓದಿದವಳು, ಆಫೀಸಿನಲ್ಲಿ ಕೆಲಸ ಮಾಡುವವಳು, ನಮ್ಮ ಹಟ್ಟಿಯ ಶಾಲೆಯಲ್ಲೇ ಕಲಿತವಳು. ಆ ಮೇಡಂ ಎದುರು ನೀನು ಕೂತು ನಾಲ್ಕು ಮಾತು ಹೇಳಿದರೆ ಅದಕ್ಕೆ ತೂಕ ಬೇರೆ. ಬಾಲರಾಜು ತನ್ನ ಪೇಪರನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಹುಡುಕುವ ಹಾಗೆ ಮಾಡೋಣ.

ಇದನ್ನು ಅವ್ವನಿಗೆ ಹೇಳಿದರೆ, ಕೇರುತ್ತಿದ್ದ ಮೊರ ನಿಲ್ಲಿಸಿ, "ಅವಳನ್ನ ಇದಕ್ಕೆ ಕರೀಬೇಡ" ಎಂದಳು. ಯಾಕೆ ಎಂದರೆ ಮತ್ತೆ ಕೇರತೊಡಗಿದಳು. ನನಗೆ ಇದೂ ಸರಿಬೀಳಲಿಲ್ಲ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಮಾವ,
ದೊಡ್ಡಪಾಲಯ್ಯ

*

ಕರಿಗುಡ್ಡದ ಹಟ್ಟಿ
೧-೯-೨೦೨೫, ಸೋಮವಾರ

ನನ್ನ ಸೌಂದರ್ಯ,

ಗಣೇಶನ ಹಬ್ಬ ಚೆನ್ನಾಗಿ ಆಯಿತೇ? "ಶನಿವಾರ ರಜೆ ಸಿಗಲ್ಲ ಮಾವ, ಸಾರಿ" ಎಂದು ಕಳಿಸಿದ್ದೀಯ. ನೋಡಿದೆ. ಅದಕ್ಕೆ ಬೇಜಾರಿಲ್ಲ, ಆದರೂ ಈ ಕಾಗದವನ್ನು ಪೂರ್ತಿ ಓದು. ಅಂಚೆಯನ್ನು ನಂಬದೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಾಳೆಯೇ ನಿನಗೆ ಮುಟ್ಟಬೇಕು.

ಹೋದ ಶುಕ್ರವಾರ ನಾನು ಚಳ್ಳಕೆರೆಗೆ ಬಂದಿದ್ದೆ. ಮುರುಗೇಂದ್ರಪ್ಪನವರನ್ನು ಅವರ ಮಿಲ್ಲಿನಲ್ಲೇ ಹಿಡಿದು ಗೋದಾಮಿನ ವಿಷಯ ಬಾಯಿಬಿಡಿಸಬೇಕು ಎಂದು, ದಾರಿಯಲ್ಲೆಲ್ಲ ಕೇಳಬೇಕಾದ ಪ್ರಶ್ನೆಗಳನ್ನು ಗಟ್ಟಿ ಮಾಡಿಕೊಂಡು ಬಂದೆ. ಮಿಲ್ಲಿನ ಹಿಂಡಿ ವಾಸನೆಯ ನಡುವೆ ಅವರು ಒಂದು ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ತಾವೇ ಎದ್ದು ಸ್ಟೂಲು ಕೊಟ್ಟರು. ಅಲ್ಲಾಡದ ಸ್ಟೂಲು.

"ಹುಣಸೆಮರದ ವಿಷಯ ಮಾತಾಡಾಕೆ ಬಂದೆ" ಎಂದೆ.

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಅಲ್ಲಪ್ಪ ಪಾಲಯ್ಯ, ಅದನ್ನ ಅಷ್ಟು ಜನರ ಮುಂದೆ, ಅದೂ ಆ ಹೆಣ್ಣುಮಗಳ ಎದುರಿಗೆ ಕೇಳ್ತಾರೇನಯ್ಯಾ? ನನಗೆ ಸಕ್ಕರೆ ಕಾಯಿಲೆ ಐತೆ. ಗಳಿಗೆಗೊಂದು ಸಲ ಹೋಗಬೇಕು. ಮರೆ ಎಲ್ಲೈತೆ ಅಂತ ಹುಡುಕ್ತಿದ್ದೆ."

ಗೋದಾಮು ಅಲ್ಲೇ ಕುಸಿದುಬಿತ್ತು. ಅವರೇ ಮಾತು ಮುಂದುವರಿಸಿದರು.

"ನಿನ್ನ ಹೆಸರು ಸಮಿತಿಗೆ ಕೊಟ್ಟಿದ್ದು ನಾನೇ. ನಿನ್ನ ಮುಖ ನೋಡಿ ಕೊಡಲಿಲ್ಲ, ಬೇಜಾರು ಮಾಡ್ಕಬೇಡ. ನಾನಿನ್ನೂ ಮೀಸೆ ಬರದ ಹುಡುಗ, ನಮ್ಮಪ್ಪನ ಜೊತೆ ನಿಮ್ಮ ಹಟ್ಟಿಗೆ ಶೇಂಗಾ ಕೊಳ್ಳಾಕೆ ಬರ್ತಿದ್ದೆ. ನಿಮ್ಮವ್ವ ನನ್ನ ಕೈಗೆ ಅಂಬಲಿ ಕೊಟ್ಟು ತೆಲುಗಲ್ಲಿ ಬೈಯೋಳು, ಎಷ್ಟು ಒಣಗಿದ್ದೀಯೋ, ನಿಮ್ಮಮ್ಮ ಊಟ ಹಾಕಲ್ವೇನೋ ಅಂತ. ನಾನು ಕಲಿತ ಮೊದಲ ತೆಲುಗು ಆ ಬೈಗುಳ. ಅಂಥ ಮನೆಯೋರು ಸಮಿತೀಲಿರಲಿ ಅಂತ ಹೇಳಿದೆ. ಮೇಡಂ ಜೊತೆ ಮೊದಲು ಹೋಗಿದ್ದೇ ನಿಮ್ಮ ಮನೆಗೆ. ನಾನು ತೆಲುಗಲ್ಲಿ, ಸೂರಮ್ಮನೋರೇ ಚೆನ್ನಾಗಿದ್ದೀರಾ ಅಂದೆ. ಆಯಮ್ಮ ಕನ್ನಡದಲ್ಲಿ, ಬರ್ರೀ ಬುದ್ಧಿ ಕುಂತ್ಕಳ್ರಿ ಅಂದ್ರು. ತಿರುಗಿ ತೆಲುಗಲ್ಲೇ ಕೇಳಿದ್ರೆ, ನನಗೆ ಆ ಮಾತು ಬರಲ್ಲ ಬುದ್ಧಿ ಅಂದ್ರು. ಆಯಮ್ಮನೇ ಬರಲ್ಲ ಅಂದ ಮೇಲೆ ಸಭೇಲಿ ನಾನು ಹೆಂಗೆ ಬಾಯಿಬಿಡ್ಲಿ ಕಣಯ್ಯಾ? ಹೋಗಿ ಹೊರಗಿನೋರನ್ನ ಯಾಕೆ ಅನುಮಾನಿಸ್ತೀಯ? ನಿನ್ನ ಮನೇಲೇ ಕೇಳ್ಕೋ."

ಸೌಂದರ್ಯ, ಮಿಲ್ಲಿನಿಂದ ಹೊರಟವನು ನಿನ್ನ ಬೀದಿಯ ತುದಿಯವರೆಗೂ ಬಂದಿದ್ದೆ. ನಿನ್ನ ಮನೆಯ ನೀಲಿ ಗೇಟು ಕಾಣುತ್ತಿತ್ತು, ಲಾಸ್ಯಳ ಸೈಕಲ್ಲು ಗೋಡೆಗೆ ಒರಗಿತ್ತು. ಗೇಟಿನ ಹತ್ತಿರ ನಿಂತು ನಿನ್ನನ್ನು ಯಾವ ಮಾತಿನಲ್ಲಿ ಕೂಗಬೇಕು ಎಂದು ತಿಳಿಯಲಿಲ್ಲ. ಭಾಷಣಕ್ಕೆ ಹೆದರದವನು, ಸಭೆಯಲ್ಲಿ ಎದ್ದು ನಿಂತವನು, ಅಷ್ಟಕ್ಕೇ ತಿರುಗಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಸಂಜೆ ಅವ್ವ ಹಾಲು ಕರೆಯುತ್ತಿದ್ದಳು. ಎದುರು ಕೂತು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ, ಕರೆಯುವುದನ್ನೂ ನಿಲ್ಲಿಸಲಿಲ್ಲ. ಅವಳು ಹೇಳಿದ್ದೆಲ್ಲ ನಮ್ಮ ಮಾತಿನಲ್ಲಿ. ತೆಲುಗು ಅಕ್ಷರ ನನಗೆ ಬರುವುದಿಲ್ಲವಾದ್ದರಿಂದ ಕನ್ನಡದಲ್ಲಿ ಇಳಿಸುತ್ತಿದ್ದೇನೆ.

"ಹೌದು ಕಣೋ, ನಾನೇ ಹೇಳಿದ್ದು. ಹಿಂದಿನ ದಿನವೇ ಓಣಿಯವರಿಗೆಲ್ಲ ಹೇಳಿಬಂದೆ. ಪಟ್ಟಣದ ಹೆಣ್ಣುಮಗಳು ಬರ್ತಾಳೆ, ಅವಳ ಮುಂದೆ ನಮ್ಮ ಮಾತು ಎತ್ತಬೇಡ್ರಿ, ಏನು ಕೇಳಿದ್ರೂ ಕನ್ನಡ ಅನ್ರಿ ಅಂದೆ. ಎಲ್ಲರ ಮನೆಯ ಹುಡುಗೀರೂ ಚಳ್ಳಕೆರೆ, ಹಿರಿಯೂರು ಅಂತ ಸೇರ್ಕಂಡವ್ರೆ. ಅವರಿಗೆ ನಮ್ಮಿಂದ ತಲೆ ತಗ್ಗೋ ಹಾಗೆ ಆಗ್ಬಾರ್ದು."

"ಅವಳು ಸರ್ಕಾರದೋಳವ್ವಾ! ನೀನು ತೆಲುಗು ಮಾತಾಡ್ಲಿ ಅಂತಾನೇ ಬಂದಿದ್ಲು!"

"ನನಗೆ ಅದೆಲ್ಲ ಏನು ಗೊತ್ತಾಗ್ತದೆ? ಬಾಗಿಲಲ್ಲಿ ನಿಂತಾಗ ನಮ್ಮ ಸೌಂದರ್ಯನೇ ಬಂದಂಗೆ ಆಯ್ತು. ಅದೇ ಕನ್ನಡಕ, ಅದೇ ಬ್ಯಾಗು."

ನಾನು ಮತ್ತೂ ಒತ್ತಿ ಕೇಳಿದ್ದಕ್ಕೆ ನಿನ್ನ ಮದುವೆಯ ವಿಷಯ ಹೇಳಿದಳು. ನನಗೆ ಅದು ಗೊತ್ತೇ ಇರಲಿಲ್ಲ. ಚಳ್ಳಕೆರೆಯ ಛತ್ರ, ಊಟದ ಪಂಕ್ತಿ. ಅವ್ವ ಆ ತುದಿಯಿಂದ ಈ ತುದಿಗೆ, ಬೀಗರ ಎಲೆಗೆ ಪಾಯಸ ಹಾಕ್ರೋ ಎಂದು ನಮ್ಮ ಮಾತಿನಲ್ಲಿ ಕೂಗಿದಳಂತೆ. ಗಂಡಿನ ಕಡೆಯ ಹೆಂಗಸರು ಯಾರೋ, "ಆಂಧ್ರದ ಬಸ್ಸು ಯಾವಾಗ ಬಂತಮ್ಮಾ?" ಎಂದು ನಕ್ಕರಂತೆ. ಆಗ ನೀನು ಬಾಸಿಂಗ ಕಟ್ಟಿಕೊಂಡೇ ಅವ್ವನನ್ನು ಕೋಣೆಗೆ ಕರೆದು, ಕೈ ಹಿಡಿದುಕೊಂಡು, "ಜೇಜಿ, ಇವತ್ತೊಂದು ದಿನ ಕನ್ನಡ ಮಾತಾಡು" ಎಂದೆಯಂತೆ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಹೊಸ ಮನೆಗೆ ಹೋಗುವ ಹುಡುಗಿ, ನಾಲ್ಕು ಜನ ನಗುತ್ತಿದ್ದಾರೆ, ಹೆದರಿದ್ದೀಯ. ನೀನು ಕೇಳಿದ್ದು ಒಂದು ದಿನ. ಆಮೇಲೆ ಆ ದಿನ ಮುಗಿಯಿತು ಎಂದು ಅವಳಿಗೆ ಯಾರೂ ಹೇಳಲಿಲ್ಲ. ನೀನು ಬಂದಾಗಲೆಲ್ಲ "ಅಜ್ಜಿ, ಹೇಗಿದ್ದೀಯಾ" ಎನ್ನುತ್ತಾ ಬಂದೆ, ಜೇಜಿ ಎನ್ನಲಿಲ್ಲ. ಹಾಗಾಗಿ ಅವಳೂ ಆ ದಿನವನ್ನು ಹಿಡಿದುಕೊಂಡೇ ಇದ್ದಾಳೆ. ನಿನ್ನನ್ನು ಮಾತ್ರವಲ್ಲ, ನಿನ್ನ ಹಾಗೆ ಕಾಣುವ ಯಾರನ್ನು ಕಂಡರೂ.

"ಶನಿವಾರ ಮೇಡಂ ಮುಂದೆ ಮಕ್ಕಳಿಗೆ ಕಥೆ ಹೇಳವ್ವಾ, ಇಲ್ಲದಿದ್ರೆ ಇನ್ನು ಕಥೆ ಹೇಳಾಕೆ ಶಾಲೆನೇ ಇರಲ್ಲ" ಎಂದು ಗೋಗರೆದೆ.

"ಹೇಳ್ತೀನಿ, ಕನ್ನಡದಲ್ಲಿ ಹೇಳ್ತೀನಿ" ಎಂದಳು. "ಆ ಮಗು ಹುಟ್ಟಿದಾಗಿಂದ ಅವಳಮ್ಮ ಇಲ್ಲದೆ ನನ್ನ ಮಡಿಲಲ್ಲಿ ಬೆಳೀತು. ಇದು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದನ್ನೂ ನಡೆಸ್ಕೊಡಲ್ಲ ಅಂದ್ರೆ ನಾನೆಂಥ ಜೇಜಿ?"

ಹಾಲಿನ ಚೆಂಬು ಎತ್ತಿಕೊಂಡು ಒಳಗೆ ಹೋದಳು. ಅವಳ ಶನಿವಾರ ಅವಳ ಕೈಯಿಂದಲೇ ಹೋಗುತ್ತಿದೆ, ಅದು ಅವಳಿಗೆ ಗೊತ್ತು. ಗೊತ್ತಿದ್ದೂ ಮಾತು ಮುರಿಯುತ್ತಿಲ್ಲ. ನಾನು ಸರ್ಕಾರಕ್ಕೆ ಸಲಹೆ ಕೊಡುವವನು, ನನ್ನ ಅವ್ವನಿಗೆ ಏನು ಸಲಹೆ ಕೊಡಬೇಕು ಎಂದು ತೋಚದೆ ಕೊಟ್ಟಿಗೆಯಲ್ಲೇ ಕೂತೆ.

ಇಷ್ಟು ದಿನ ಅವರ ಮೇಲೆ, ಇವರ ಮೇಲೆ ಅನುಮಾನ ಪಟ್ಟೆ. ಮುರುಗೇಂದ್ರಪ್ಪನವರ ಕ್ಷಮೆ ಕೇಳಿದ್ದೇನೆ, ಮೇಷ್ಟ್ರ ತಂಗಿಯ ಮದುವೆಗೆ ಹೋಗುತ್ತೇನೆ. ಬಾಲರಾಜುವಿನ ಮೇಲೆ ಸ್ವಲ್ಪ ಅನುಮಾನ ಉಳಿಸಿಕೊಂಡಿದ್ದೇನೆ, ಪೂರ್ತಿ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಈಗ ಉಳಿದ ದೊಡ್ಡ ಅನುಮಾನ ಒಂದೇ, ನೀನು ಬರುತ್ತೀಯೋ ಇಲ್ಲವೋ ಎಂಬುದು.

ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬಾ. ಭಾಷಣ ಬೇಡ, ಮೇಡಂ ಹತ್ತಿರ ನಾಲ್ಕು ಮಾತೂ ಬೇಡ. ಶಾಲೆಯ ಗೇಟಿನಿಂದಲೇ, ಚಿಕ್ಕವಳಿದ್ದಾಗ ಚೀಲ ಎಸೆದು ಕೂಗುತ್ತಿದ್ದೆಯಲ್ಲ, "ಜೇಜೀ, ಆಕಲಿ!" ಎಂದು, ಹಸಿವಾಗ್ತಿದೆ ಎಂದು ಹಟ್ಟಿಗೆಲ್ಲ ಕೇಳುವ ಹಾಗೆ, ಅಷ್ಟು ಕೂಗು ಸಾಕು. ಲಾಸ್ಯಳನ್ನೂ ಕರೆದುಕೊಂಡು ಬಾ.

ಬಂದರೂ ಬಾರದಿದ್ದರೂ ನಿನ್ನ ಬಾಳು ಹಸಿರಾಗಿರಲಿ.

ನಿನ್ನ ಮಾವ,
ದೊಡ್ಡಪಾಲಯ್ಯ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಬೇಸಿಗೆಯಲ್ಲಿ ಬಂದಿದ್ದಾಗ ಅವ್ವ ಕೊಟ್ಟಿಗೆಯಲ್ಲಿ ಕರುವನ್ನು ನಮ್ಮ ಮಾತಿನಲ್ಲಿ ಮುದ್ದು ಮಾಡುತ್ತಿದ್ದಳು, "ರಾ ನಾಯ್ನಾ, ರಾ" ಎಂದು. ಲಾಸ್ಯ ನಿನ್ನ ಸೆರಗು ಜಗ್ಗಿ, "ಅಮ್ಮಾ, ಮುತ್ತಜ್ಜಿ ಮಾತಾಡ್ತಿರೋದು ಹಸುಗಳ ಭಾಷೇನಾ?" ಎಂದು ಕೇಳಿತು. ನೀನು ಫೋನು ನೋಡುತ್ತಿದ್ದೆ. ತಲೆ ಎತ್ತದೆ "ಹೂಂ ಪುಟ್ಟಿ, ಹಸುಗಳ ಭಾಷೆ" ಎಂದೆ. ಅವ್ವನಿಗೆ ಕೇಳಿಸಿಲ್ಲ ಎಂದುಕೊಂಡಿದ್ದೆ. ನೀವು ಹೋದ ಮೇಲೆ ಅವಳು ಕರುವಿನ ಕುತ್ತಿಗೆ ಕೆರೆಯುತ್ತಾ ನನಗೆ ಹೇಳಿದಳು: "ಮಗು ಸರಿಯಾಗೇ ಹೇಳ್ತು ಬಿಡೋ. ಅವಳಮ್ಮನಿಗೂ ನಾನು ಇದೇ ಮಾತಲ್ಲಿ ತುತ್ತು ತಿನ್ನಿಸಿದ್ದು. ಆಗ ಅದೂ ಒಂದು ಕರುವೇ ತಾನೆ."